ಕಾರ್ಪೆಟ್ ಹೆಬ್ಬಾವಿನ ಮರಿ: ಮೊದಲ ಮೂರು ತಿಂಗಳು



ಮನೆಯಲ್ಲಿ ಹಾವು ಸಾಕುತ್ತಾರೆ ಎಂದರೆ ನಮ್ಮ ಕಡೆ ಕೇಳಿದವರು ಹುಬ್ಬೇರಿಸುತ್ತಾರೆ. ಹಾವಾಡಿಗನ ಬುಟ್ಟಿ, ಪಂಚಮಿಯ ದಿನ ನಾಗರಕಲ್ಲಿಗೆ ಎರೆಯುವ ಹಾಲು, ಗದ್ದೆಯ ಬದುವಿನಲ್ಲಿ ಸರ್ರನೆ ಹರಿದುಹೋದ ಕೇರೆಹಾವು. ನಮ್ಮಲ್ಲಿ ಹೆಚ್ಚಿನವರಿಗೆ ಹಾವಿನ ಪರಿಚಯ ಇಷ್ಟರಲ್ಲೇ ಮುಗಿಯುತ್ತದೆ. ಆಸ್ಟ್ರೇಲಿಯದಲ್ಲಿ ಹಾಗಲ್ಲ. ಅಲ್ಲಿ ನಿಮ್ಮದೇ ವಯಸ್ಸಿನ ಎಷ್ಟೋ ಹುಡುಗ ಹುಡುಗಿಯರ ಮನೆಗಳಲ್ಲಿ, ಓದುವ ಮೇಜಿನ ಪಕ್ಕದ ಗಾಜಿನ ಪೆಟ್ಟಿಗೆಯೊಳಗೆ ಒಂದು ಹೆಬ್ಬಾವು ಸುರುಳಿ ಸುತ್ತಿ ಮಲಗಿರುತ್ತದೆ. ಕಾನೂನಿನ ಅನುಮತಿ ಪಡೆದು, ಲೆಕ್ಕ ಪುಸ್ತಕ ಇಟ್ಟು ಸಾಕಿದ ಹೆಬ್ಬಾವು ಅದು. ಹೆಚ್ಚಾಗಿ ಕಾರ್ಪೆಟ್ ಹೆಬ್ಬಾವು.

ಹೆಬ್ಬಾವನ್ನು ಕೊರಳಿಗೆ ಹಾಕಿಕೊಂಡು ನಗುವ ಯುವಕರ ಚಿತ್ರಗಳನ್ನು ನೀವು ಟೆಲಿವಿಷನ್ನಿನಲ್ಲಿ, ಮೊಬೈಲ್ ಫೋನಿನಲ್ಲಿ ನೋಡಿಯೇ ಇರುತ್ತೀರಿ. ಅದು ಅರ್ಧ ನಿಮಿಷದ ದೃಶ್ಯ. ಆ ಅರ್ಧ ನಿಮಿಷ ಬಿಟ್ಟು ಉಳಿದ ದಿನವೆಲ್ಲ ಆ ಹಾವು ಏನು ಮಾಡುತ್ತದೆ, ಸಾಕುವವರು ಏನು ಮಾಡಬೇಕು ಎಂಬುದನ್ನು ಯಾರೂ ತೋರಿಸುವುದಿಲ್ಲ. ತೋರಿಸಿದರೆ ನೀವು ಚಾನೆಲ್ ಬದಲಿಸಿಬಿಡುತ್ತೀರಿ ಎಂಬ ಭಯ ನಮ್ಮಂಥ ನಿರ್ಮಾಪಕರಿಗೆ! ಕ್ಯಾಮರಾಕ್ಕೆ ದಕ್ಕದ ಆ ಭಾಗವನ್ನೇ ಈ ಮಾತುಗಳಲ್ಲಿ ನಿಮ್ಮ ಮುಂದಿಡಬೇಕೆಂದಿದ್ದೇನೆ. ಮರಿ ಉಳಿಯುವುದೂ ಅಳಿಯುವುದೂ ನಿರ್ಧಾರವಾಗುವುದು ಅಲ್ಲಿಯೇ.

ಮೊದಲು ಪ್ರಾಣಿಯ ಪರಿಚಯ. ವಿಜ್ಞಾನಿಗಳು ಇದನ್ನು ಮೊರೇಲಿಯ ಸ್ಪೈಲೋಟ ಎನ್ನುತ್ತಾರೆ. 1804 ರಲ್ಲಿ ಫ್ರಾನ್ಸಿನ ಪ್ರಕೃತಿ ವಿಜ್ಞಾನಿ ಲಾಸೆಪೆದ್ ಇದನ್ನು ಮೊದಲು ವರ್ಣಿಸಿ ಹೆಸರಿಟ್ಟ. ಮೈಮೇಲೆ ಕಂದು, ಕಪ್ಪು, ಹಳದಿ ಬಣ್ಣಗಳ ಪಟ್ಟೆ ಮಚ್ಚೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಕಾರ್ಪೆಟ್ ಎಂಬ ಹೆಸರು. ನವಲಗುಂದದ ಜಮಖಾನವನ್ನು ನೋಡಿದವರಿಗೆ ಹೆಸರಿನ ಔಚಿತ್ಯ ತಟ್ಟನೆ ಹೊಳೆದೀತು. ಆಸ್ಟ್ರೇಲಿಯದ ಬಹುಭಾಗದಲ್ಲಿ, ಪಕ್ಕದ ನ್ಯೂಗಿನಿಯಲ್ಲಿ ಇದು ವಾಸಿಸುತ್ತದೆ. ಸಿಡ್ನಿಯ ಸುತ್ತಮುತ್ತ ಕರಿ ಮೈಯ ಮೇಲೆ ಹಳದಿ ಚುಕ್ಕಿಗಳಿರುವ ವಜ್ರ ಹೆಬ್ಬಾವು, ಕ್ವೀನ್ಸ್‌ಲೆಂಡಿನ ಮಳೆಕಾಡುಗಳಲ್ಲಿ ಕಪ್ಪು ಹಳದಿ ಪಟ್ಟೆಗಳ ಜಂಗಲ್ ಹೆಬ್ಬಾವು, ಪೂರ್ವ ಕರಾವಳಿಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಬೆಳೆಯುವ ಕರಾವಳಿಯ ಕಾರ್ಪೆಟ್ ಹೆಬ್ಬಾವು, ಹೀಗೆ ಹಲವು ಉಪಪ್ರಭೇದಗಳಿವೆ. ವಿಷವಿಲ್ಲ. ಬೇಟೆಯನ್ನು ಹಿಡಿದು, ಸುತ್ತಿ, ಬಿಗಿದು ಕೊಲ್ಲುತ್ತದೆ. ಬೆಳೆದ ಹಾವು ಸಾಮಾನ್ಯವಾಗಿ 2 ರಿಂದ 3 ಮೀಟರು ಉದ್ದ.

ಬ್ರಿಸ್ಬೇನ್ ನಗರದ ಮನೆಗಳ ಅಟ್ಟದಲ್ಲಿ ಈ ಹಾವು ಸೇರಿಕೊಳ್ಳುವುದು ತೀರಾ ಸಾಮಾನ್ಯ ಸಂಗತಿ. ಸೂರಿನ ಕೆಳಗೆ ಇಲಿಗಳಿವೆ, ಬೆಚ್ಚಗಿದೆ, ಇನ್ನೇನು ಬೇಕು? ಹೊಸದಾಗಿ ಅಲ್ಲಿಗೆ ಹೋಗಿ ನೆಲೆಸಿದ ನಮ್ಮವರು ರಾತ್ರಿ ಮೇಲ್ಛಾವಣಿಯಲ್ಲಿ ಏನೋ ಭಾರವಾದದ್ದು ಎಳೆದಾಡಿದ ಸದ್ದು ಕೇಳಿ ಬೆಚ್ಚಿಬೀಳುವುದುಂಟು. ನೆರೆಮನೆಯ ಆಸ್ಟ್ರೇಲಿಯನ್ನರು ಮಾತ್ರ, ಇರಲಿ ಬಿಡಿ, ಇಲಿ ಕಾಟ ತಪ್ಪುತ್ತದೆ ಎಂದುಬಿಡುತ್ತಾರೆ.

ಹೆಣ್ಣು ಹಾವು ಒಂದು ಸಲಕ್ಕೆ ಹತ್ತು ಹದಿನೈದರಿಂದ ಹಿಡಿದು ಕೆಲವೊಮ್ಮೆ ನಲವತ್ತರವರೆಗೂ ಮೊಟ್ಟೆ ಇಡುತ್ತದೆ. ಇಟ್ಟು ಹೊರಟುಹೋಗುವುದಿಲ್ಲ. ಮೊಟ್ಟೆಗಳ ಸುತ್ತ ಸುರುಳಿ ಸುತ್ತಿಕೊಂಡು ಕಾವು ಕೊಡುತ್ತದೆ. ಹವೆ ತಂಪಾದಾಗ ತನ್ನ ಸ್ನಾಯುಗಳನ್ನು ನಡುಗಿಸಿ, ಚಳಿಯಲ್ಲಿ ನಾವು ನಡುಗುವ ಹಾಗೆಯೇ, ಶಾಖ ಹುಟ್ಟಿಸುತ್ತದೆ. ಹೀಗೆ ಮೊಟ್ಟೆಗಳನ್ನು ಸುಮಾರು 31 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಇಡುವ ಪ್ರಯತ್ನ ತಿಂಗಳೊಪ್ಪತ್ತಿಗೂ ಮೀರಿ ನಡೆಯುತ್ತದೆ. ಈ ಅಂಕಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಮರಿಗಳು ಮೊಟ್ಟೆಯೊಡೆದು ಹೊರಬಂದ ಕೂಡಲೇ ತಾಯಿಯ ಕೆಲಸ ಮುಗಿಯಿತು. ಮರಿಗೆ ಮುಂದೆ ಅಮ್ಮನೂ ಇಲ್ಲ, ಅಣ್ಣ ತಮ್ಮಂದಿರೂ ಇಲ್ಲ.

ಆಗ ಮರಿ ಎಷ್ಟಿರುತ್ತದೆ ಗೊತ್ತೇ? ನಿಮ್ಮ ಅಡಿಪಟ್ಟಿಗಿಂತ ಒಂದಿಷ್ಟು ಉದ್ದ, ಪೆನ್ಸಿಲಿನಷ್ಟು ದಪ್ಪ. ಕಾಡಿನಲ್ಲಿ ಅದನ್ನು ತಿನ್ನದವರೇ ಇಲ್ಲ. ನಮ್ಮ ಮಿಂಚುಳ್ಳಿಯ ದೊಡ್ಡಣ್ಣನಂತಿರುವ ಕುಕಬರ ಹಕ್ಕಿ, ಉಡದ ಜಾತಿಯ ಗೊವಾನ, ಹದ್ದು, ಬೆಕ್ಕು, ಬೇರೆ ಹಾವುಗಳು. ಇವುಗಳಲ್ಲಿ ಹೆಚ್ಚಿನವು ಬಂದೆರಗುವುದು ಮೇಲಿನಿಂದ. ಆದ್ದರಿಂದ ಮೇಲಿನಿಂದ ಇಳಿದುಬರುವ ಯಾವುದೇ ದೊಡ್ಡ ವಸ್ತು ಮರಿಯ ಪಾಲಿಗೆ ಮೃತ್ಯು. ಪೆಟ್ಟಿಗೆಯ ಮುಚ್ಚಳ ತೆಗೆದು ಪ್ರೀತಿಯಿಂದ ಚಾಚಿದ ನಿಮ್ಮ ಕೈಯೂ ಹಾಗೆಯೇ ಕಾಣುತ್ತದೆ. ಮರಿ ಕತ್ತನ್ನು ಎಸ್ ಅಕ್ಷರದಂತೆ ಮಡಿಸಿ, ಬುಸುಗುಟ್ಟಿ, ಕಚ್ಚಲು ಹಾರಿದರೆ ಅದು ಕೋಪವಲ್ಲ, ದುಷ್ಟತನವಂತೂ ಅಲ್ಲ. ಪೆನ್ಸಿಲಿನಷ್ಟು ದಪ್ಪದ ಜೀವಕ್ಕೆ ಬದುಕಿಕೊಳ್ಳಲು ಬೇರೆ ದಾರಿಯಿಲ್ಲ. ಇಷ್ಟು ಅರ್ಥವಾದರೆ ಮುಂದಿನ ಆರೈಕೆಯ ಅರ್ಧ ಪಾಠ ಮುಗಿದ ಹಾಗೆ.

ಇಲ್ಲಿ ಕಾನೂನಿನ ಮಾತು ಬರಬೇಕು. ಆಸ್ಟ್ರೇಲಿಯದಲ್ಲಿ ಪ್ರತಿ ರಾಜ್ಯಕ್ಕೂ ಅದರದೇ ನಿಯಮಗಳಿವೆ. ಸಾರಾಂಶ ಇಷ್ಟು: ಸಾಕುವವರಿಗೆ ಪರವಾನಗಿ ಬೇಕು, ಮರಿ ಸಾಕಣೆಯಲ್ಲೇ ಹುಟ್ಟಿದ್ದಾಗಿರಬೇಕು, ಕಾಡಿನಿಂದ ಹಿಡಿದು ತರುವಂತಿಲ್ಲ. ವ್ಯಾಪಾರಕ್ಕಾಗಿ ಅಲ್ಲಿನ ಜೀವಂತ ಉರಗಗಳನ್ನು ಹೊರದೇಶಕ್ಕೆ ಕಳಿಸುವುದೂ ನಿಷಿದ್ಧ.

ನಮ್ಮಲ್ಲಿ? ನಮ್ಮ ಕಾಡುಗಳ ಹೆಬ್ಬಾವು 1972 ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿದೆ, ಹುಲಿ ಆನೆಗಳ ಸಾಲಿನಲ್ಲಿ. ಅದನ್ನು ಹಿಡಿಯುವುದು, ಮನೆಯಲ್ಲಿಟ್ಟುಕೊಳ್ಳುವುದು, ಮಾರುವುದು ಎಲ್ಲವೂ ಶಿಕ್ಷಾರ್ಹ ಅಪರಾಧ. ಕಾರ್ಪೆಟ್ ಹೆಬ್ಬಾವಿನಂಥ ವಿದೇಶೀ ಹೆಬ್ಬಾವುಗಳು ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ನಮ್ಮ ಅಧಿನಿಯಮಕ್ಕೆ 2022 ರಲ್ಲಿ ಆದ ತಿದ್ದುಪಡಿಯ ನಂತರ ಅಂಥ ಪ್ರಾಣಿಗಳನ್ನು ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಲೇಬೇಕು. ಹೀಗಿದ್ದೂ ಕಳ್ಳ ಸಾಗಣೆ ನಿಂತಿಲ್ಲ. 2024 ರ ಏಪ್ರಿಲ್ ತಿಂಗಳಲ್ಲಿ ಬ್ಯಾಂಕಾಕಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕನೊಬ್ಬನ ಪೆಟ್ಟಿಗೆಯಲ್ಲಿ 10 ಹಳದಿ ಅನಕೊಂಡಗಳು ಸಿಕ್ಕಿದವು. ಕೊಳ್ಳುವವರಿದ್ದಾರೆ ಎಂದಲ್ಲವೇ ತರುವವರು ತರುವುದು? ಕೊಳ್ಳುವವರಲ್ಲಿ ಬಹಳಷ್ಟು ಮಂದಿಗೆ ಈ ಪ್ರಾಣಿಗೆ ಎಷ್ಟು ಶಾಖ ಬೇಕು ಎಂಬುದೂ ತಿಳಿದಿರುವುದಿಲ್ಲ ಎಂಬುದು ನನ್ನ ಗುಮಾನಿ. ಅದಕ್ಕಾಗಿಯಾದರೂ ಸರಿಯಾದ ಆರೈಕೆ ಹೇಗಿರುತ್ತದೆಂದು ನೀವು ಅರಿಯಬೇಕು.

ಈಗ ಬ್ರಿಸ್ಬೇನಿನ ಒಬ್ಬ ಕಾಲೇಜು ಹುಡುಗಿಯನ್ನು ಕಲ್ಪಿಸಿಕೊಳ್ಳಿ. ತಂದೆ ತಾಯಿ ಮೈಸೂರು ಕಡೆಯವರೆಂದೇ ಇಟ್ಟುಕೊಳ್ಳೋಣ. ಪರವಾನಗಿ ಬಂದಿದೆ. ಸಾಕಣೆಗಾರರು ಬರುವ ಭಾನುವಾರ ಬಂದು ಮರಿಯನ್ನು ಕೊಂಡೊಯ್ಯಬಹುದು ಎಂದಿದ್ದಾರೆ. ಅವಳ ಕೆಲಸ ಶುರುವಾಗಬೇಕಾದದ್ದು ಭಾನುವಾರವಲ್ಲ, ಅದರ ಹಿಂದಿನ ವಾರ.

ಮೊದಲು ಮನೆ. ದೊಡ್ಡ ಗಾಜಿನ ಅರಮನೆ ಕಟ್ಟಿಸುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಪುಟ್ಟ ಮರಿಯನ್ನು ದೊಡ್ಡ ಪೆಟ್ಟಿಗೆಯಲ್ಲಿ ಬಿಟ್ಟರೆ, ಅಡಗಲು ಸಾಕಷ್ಟು ಮರೆ ಇಲ್ಲದಿದ್ದಲ್ಲಿ, ಬಯಲಿನಲ್ಲಿ ಒಂಟಿಯಾಗಿ ಬಿಟ್ಟಂತೆ. ಅದು ಹೆದರುತ್ತದೆ, ಹೆದರಿದ ಮರಿ ಊಟ ಬಿಡುತ್ತದೆ. ಹಾಗಾಗಿ ಮೊದಲ ತಿಂಗಳುಗಳಿಗೆ ಚಪ್ಪಲಿ ಡಬ್ಬಿಯಷ್ಟು, ಅಥವಾ ಅದಕ್ಕಿಂತ ತುಸು ದೊಡ್ಡ ಪ್ಲಾಸ್ಟಿಕ್ ಡಬ್ಬಿ ಸಾಕು. ಗಾಳಿಯಾಡಲು ಬದಿಗಳಲ್ಲಿ ಸಣ್ಣ ತೂತುಗಳಿರಬೇಕು. ಎಷ್ಟು ಸಣ್ಣವೆಂದರೆ ಮರಿಯ ತಲೆ ತೂರಬಾರದು. ತಲೆ ತೂರಿತೆಂದರೆ ಮೈಯೂ ತೂರಿತು. ಮುಚ್ಚಳಕ್ಕೆ ಗಟ್ಟಿಯಾದ ಕೊಂಡಿ ಇರಲೇಬೇಕು. ಹಾವು ರಾತ್ರಿಯೆಲ್ಲ ಮೂಗಿನಿಂದ ಸಂದುಗೊಂದುಗಳನ್ನು ಪರೀಕ್ಷಿಸುತ್ತಿರುತ್ತದೆ, ಮನೆಯವರೆಲ್ಲ ಮಲಗಿದ ಮೇಲೆ ಅದಕ್ಕೆ ಬೇರೆ ಕೆಲಸವೇನು? ನೆಲಕ್ಕೆ ಕಾಗದದ ಟವೆಲ್ ಹಾಸಿದರೆ ಸಾಕು. ಚೆನ್ನಾಗಿ ಕಾಣಿಸುವುದಿಲ್ಲ, ನಿಜ. ಆದರೆ ಮಲ ಯಾವಾಗ ಹೋಯಿತು, ಹೇಗಿದೆ, ಮೈಮೇಲಿಂದ ಕೀಟಗಳೇನಾದರೂ ಉದುರಿವೆಯೇ ಎಂಬುದು ಬಿಳಿಯ ಕಾಗದದ ಮೇಲೆ ಥಟ್ಟನೆ ಕಾಣುತ್ತದೆ.

ಒಳಗೆ ಎರಡು ಅಡಗುತಾಣ ಬೇಕು, ಬೆಚ್ಚಗಿನ ತುದಿಯಲ್ಲಿ ಒಂದು, ತಂಪಾದ ತುದಿಯಲ್ಲಿ ಒಂದು. ಒಂದೇ ಇಟ್ಟರೆ ಮರಿಗೆ ಧರ್ಮಸಂಕಟ. ಬೆಚ್ಚಗಿರಬೇಕೋ, ಮರೆಯಲ್ಲಿರಬೇಕೋ? ಹೆದರಿದ ಮರಿ ಯಾವಾಗಲೂ ಮರೆಯನ್ನೇ ಆರಿಸಿಕೊಂಡು ಚಳಿಯಲ್ಲಿ ಕೊರಗುತ್ತದೆ. ಅಡಗುತಾಣವೆಂದರೆ ವಿಶೇಷವೇನಲ್ಲ, ಬೋರಲು ಹಾಕಿದ ಒಡೆದ ಹೂಕುಂಡದ ತುಂಡು ಆದೀತು, ಚೂಪಿಲ್ಲದಂತೆ ಅಂಚು ಉಜ್ಜಿರಬೇಕು. ಕಾರ್ಪೆಟ್ ಹೆಬ್ಬಾವು ಮರ ಏರುವ ಜಾತಿ. ಅಡ್ಡಲಾಗಿ ಒಂದು ಕಡ್ಡಿ ಇಟ್ಟರೆ ಸಂಜೆಯ ಹೊತ್ತು ಅದರ ಮೇಲೆ ಸುತ್ತಿಕೊಂಡು ಕೂರುತ್ತದೆ. ಮಗುಚಿಕೊಳ್ಳದ ಬಟ್ಟಲಿನಲ್ಲಿ ಶುದ್ಧ ನೀರು ಸದಾ ಇರಬೇಕು. ಹುಡುಗಿಯ ಅಜ್ಜಿ ಮೈಸೂರಿನಿಂದ ಫೋನಿನಲ್ಲಿ "ಹಾಲಿಟ್ಟೆಯೇನೇ ಮಗು?" ಎಂದು ಕೇಳಬಹುದು. ಬೇಡಜ್ಜಿ, ಹಾವು ಸಸ್ತನಿಯಲ್ಲ, ಹಾಲು ಅದರ ಆಹಾರವೇ ಅಲ್ಲ, ನೀರು ಸಾಕು.

ಈಗ ಎಲ್ಲಕ್ಕಿಂತ ಮುಖ್ಯ ಸಂಗತಿ, ಶಾಖ. ಹಾವನ್ನು ಶೀತರಕ್ತ ಪ್ರಾಣಿ ಎಂದು ನಮ್ಮ ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. ಈ ಪದ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಬಿಸಿಲು ಕಾಯಿಸಿಕೊಂಡ ಹೆಬ್ಬಾವಿನ ರಕ್ತವನ್ನು ಮುಟ್ಟಿದರೆ ಬೆಚ್ಚಗೇ ಇರುತ್ತದೆ. ನಿಜವಾದ ವ್ಯತ್ಯಾಸ ಬೇರೆ: ನಾವು ತಿಂದ ಅನ್ನದ ದೊಡ್ಡ ಪಾಲನ್ನು ಮೈ ಬೆಚ್ಚಗಿಡಲು ಖರ್ಚು ಮಾಡುತ್ತೇವೆ, ಹಾವು ಆ ಶಾಖವನ್ನು ಸೂರ್ಯನಿಂದ, ಕಾದ ಬಂಡೆಯಿಂದ ಪುಕ್ಕಟೆ ಪಡೆಯುತ್ತದೆ. ಆದ್ದರಿಂದಲೇ ವಾರಕ್ಕೊಂದು ಊಟದಲ್ಲಿ ಬದುಕುತ್ತದೆ. ಆದರೆ ಅದಕ್ಕೊಂದು ಬೆಲೆಯಿದೆ. ಹೊರಗಿನ ಶಾಖ ಸಿಗದಿದ್ದರೆ ಅದರ ದೇಹದ ಕಾರ್ಖಾನೆಯೇ ನಿಲ್ಲುತ್ತದೆ. ಜೀರ್ಣರಸಗಳ ರಾಸಾಯನಿಕ ಕ್ರಿಯೆ ಉಷ್ಣಾಂಶವನ್ನು ಅವಲಂಬಿಸಿದೆ ಎಂಬುದನ್ನು ನೀವು ಕಿಣ್ವಗಳ ಪಾಠದಲ್ಲಿ ಓದಿದ್ದೀರಿ. ತಣ್ಣನೆಯ ಹಾವಿನ ಹೊಟ್ಟೆಯಲ್ಲಿ ಇಲಿ ಜೀರ್ಣವಾಗುವ ಬದಲು ಕೊಳೆಯತೊಡಗುತ್ತದೆ. ಹಾವು ಅದನ್ನು ವಾಂತಿ ಮಾಡುತ್ತದೆ, ಇಲ್ಲವೇ ಕಾಯಿಲೆ ಬೀಳುತ್ತದೆ.

ಎಷ್ಟು ಶಾಖ? ತಾಯಿ ಹಾವು ನಡುಗುತ್ತ ಕಾಪಾಡಿದ 31 ಡಿಗ್ರಿ ನೆನಪಿದೆಯಲ್ಲವೇ? ಪೆಟ್ಟಿಗೆಯ ಬೆಚ್ಚಗಿನ ತುದಿಯೂ ಸುಮಾರು ಅಷ್ಟೇ ಇರಬೇಕು, 31 ರಿಂದ 32. ಇನ್ನೊಂದು ತುದಿ 24 ರಿಂದ 26. ಈ ಎರಡರ ನಡುವೆ ತನಗೆ ಬೇಕಾದ ಜಾಗವನ್ನು ಹಾವು ತಾನೇ ಆರಿಸಿಕೊಳ್ಳುತ್ತದೆ. ಊಟವಾದ ಮೇಲೆ ಬೆಚ್ಚಗಿನ ಕಡೆ, ಹೊಟ್ಟೆ ಹಗುರವಾದ ಮೇಲೆ ಹೆಚ್ಚಾಗಿ ತಂಪಿನ ಕಡೆ. ಇಡೀ ಪೆಟ್ಟಿಗೆಯನ್ನು ಒಂದೇ ಸಮನೆ ಕಾಯಿಸಿದರೆ ಈ ಆಯ್ಕೆ ಹೋಗಿಬಿಡುತ್ತದೆ. ಡಬ್ಬಿಯ ತಳದ ಮೂರನೆಯ ಒಂದು ಭಾಗದ ಕೆಳಗೆ ಮಾತ್ರ ವಿದ್ಯುತ್ ಶಾಖದ ಹಾಳೆ ಇಡುತ್ತಾರೆ. ಅದಕ್ಕೆ ಥರ್ಮೋಸ್ಟಾಟ್ ಕಡ್ಡಾಯ. ಥರ್ಮೋಸ್ಟಾಟ್ ಇಲ್ಲದ ಹಾಳೆ ಕಾದು ಕಾದು 45 ಡಿಗ್ರಿ ದಾಟಬಲ್ಲದು, ಹಾವಿನ ಹೊಟ್ಟೆಯ ಚರ್ಮ ಸುಟ್ಟುಹೋಗುತ್ತದೆ. ಹಾವು ಎದ್ದು ಓಡಬಾರದೇ ಎನ್ನುತ್ತೀರಾ? ಬಿಸಿಲಿಗೆ ಮೈಯೊಡ್ಡಿ ಬದುಕಿ ಬಂದ ಪ್ರಾಣಿ ಅದು. ಶಾಖ ಮೇಲಿನಿಂದ ಬರುವುದು ಅದಕ್ಕೆ ಪರಿಚಿತ, ನೆಲವೇ ಸುಡುವುದು ಅಲ್ಲ. ಅನೇಕ ಹಾವುಗಳು ಸುಡುವ ನೆಲದ ಮೇಲೆಯೇ ಮಲಗಿ ಗಾಯ ಮಾಡಿಕೊಂಡಿವೆ. ಆ ಹುಡುಗಿ ಒಂದು ವಾರ ಮುಂಚೆಯೇ ಖಾಲಿ ಡಬ್ಬಿಯನ್ನು ಜೋಡಿಸಿ, ಎರಡೂ ತುದಿಗಳ ಉಷ್ಣಾಂಶವನ್ನು ಹಗಲು ರಾತ್ರಿ ಥರ್ಮಾಮೀಟರಿನಲ್ಲಿ ಅಳೆದು ಬರೆದಿಡಬೇಕು. ಅಂಗೈ ಇಟ್ಟು ನೋಡಿ ಬೆಚ್ಚಗಿದೆ ಎಂದರೆ ಸಾಲದು. ನಮ್ಮ ಅಂಗೈ 33 ಡಿಗ್ರಿಗೂ 38 ಡಿಗ್ರಿಗೂ ಇರುವ ಭೇದವನ್ನು ಸರಿಯಾಗಿ ಹೇಳಲಾರದು.

ಭಾನುವಾರ ಬಂತು. ಬಟ್ಟೆಯ ಚೀಲದಲ್ಲಿ ಮರಿ ಮನೆಗೆ ಬಂತು. ಚೀಲವನ್ನು ಡಬ್ಬಿಯೊಳಗಿಟ್ಟು, ಗಂಟು ಬಿಚ್ಚಿ, ಮುಚ್ಚಳ ಹಾಕಿ, ಕೊಂಡಿ ಭದ್ರಪಡಿಸಿದ್ದಾಯಿತು. ಮುಂದೇನು?

ಮುಂದೆ ಏನೂ ಇಲ್ಲ. ಒಂದು ವಾರ ಏನೂ ಮಾಡಬಾರದು. ಎತ್ತಬಾರದು, ಮುಟ್ಟಬಾರದು, ಅಡಗುತಾಣ ಎತ್ತಿ ಇಣುಕಬಾರದು, ಗೆಳತಿಯರನ್ನು ಕರೆದು ತೋರಿಸಬಾರದು. ನೀರು ಬದಲಿಸುವುದು, ಥರ್ಮಾಮೀಟರ್ ನೋಡುವುದು, ಹೊಲಸಾಗಿದ್ದರೆ ಕಾಗದ ತೆಗೆಯುವುದು, ಅಷ್ಟೇ. ನಿಮ್ಮ ವಯಸ್ಸಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಾರದು ಎಂದು ನನಗೆ ಗೊತ್ತು. ನಾಯಿಮರಿ ತಂದ ದಿನ ಮನೆಯವರೆಲ್ಲ ಸುತ್ತ ಕೂತು ಮುದ್ದಿಸಿದರೆ ಅದು ಬಾಲ ಆಡಿಸುತ್ತದೆ, ಏಕೆಂದರೆ ಅದು ಗುಂಪಿನಲ್ಲಿ ಹುಟ್ಟಿದ ಪ್ರಾಣಿ. ಹೆಬ್ಬಾವಿನ ಮರಿಗೆ ಗುಂಪೆಂಬುದೇ ತಿಳಿಯದು. ಸಾಗಣೆಯ ಅಲುಗಾಟ, ಹೊಸ ವಾಸನೆ, ಹೊಸ ಕಂಪನಗಳು, ಇಷ್ಟನ್ನೇ ಅರಗಿಸಿಕೊಳ್ಳಲು ಅದಕ್ಕೆ ದಿನಗಳು ಬೇಕು. ಹಾವಿಗೆ ಹೊರಕಿವಿ ಇಲ್ಲದಿದ್ದರೂ ನೆಲದ ಕಂಪನ ದವಡೆಯ ಎಲುಬಿನ ಮೂಲಕ ಚೆನ್ನಾಗಿ ತಿಳಿಯುತ್ತದೆ, ಆದ್ದರಿಂದ ಡಬ್ಬಿಯನ್ನು ಧ್ವನಿವರ್ಧಕದ ಪಕ್ಕ, ಜನ ಓಡಾಡುವ ಬಾಗಿಲ ಪಕ್ಕ ಇಡಬಾರದು. ಕಿಟಕಿಯ ನೇರ ಬಿಸಿಲಿಗಂತೂ ಬೇಡವೇ ಬೇಡ, ಮುಚ್ಚಿದ ಡಬ್ಬಿ ಕೆಲವೇ ನಿಮಿಷಗಳಲ್ಲಿ ಕುಲುಮೆಯಾಗುತ್ತದೆ.

ಏಳೆಂಟು ದಿನಗಳ ನಂತರ ಮೊದಲ ಊಟ. ಕಾಡಿನಲ್ಲಿ ಈ ಮರಿಗಳು ಮುಖ್ಯವಾಗಿ ಚಿಕ್ಕ ಹಲ್ಲಿ, ಅರಣೆಗಳನ್ನು ಹಿಡಿಯುತ್ತವೆ. ಸಾಕಣೆಯಲ್ಲಿ ಸುಂಡಿಲಿ ಮರಿಗಳನ್ನು ಕೊಡುತ್ತಾರೆ. ಇವು ಜೀವಂತ ಇಲಿಗಳಲ್ಲ. ಹಿಂಸೆಯಿಲ್ಲದೆ ಕೊಂದು, ಹಿಮಗಟ್ಟಿಸಿ, ಅಂಗಡಿಗಳಲ್ಲಿ ಮಾರುವಂಥವು. ಜೀವಂತ ಇಲಿಯನ್ನು ಬಿಡುವುದು ಇಲಿಗೂ ಕ್ರೌರ್ಯ, ಹಾವಿಗೂ ಅಪಾಯ. ಇಕ್ಕಟ್ಟಿಗೆ ಸಿಕ್ಕ ಇಲಿ ಹಾವಿನ ಕಣ್ಣನ್ನೇ ಕಚ್ಚಿದ್ದುಂಟು, ಬೆನ್ನಿನ ಮಾಂಸ ಕೊರೆದದ್ದೂ ಉಂಟು. ಹಿಮಗಟ್ಟಿದ ಇಲಿಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೊದಲು ತಣ್ಣೀರಿನಲ್ಲಿ, ಆಮೇಲೆ ಬಿಸಿನೀರಿನಲ್ಲಿ ಇಟ್ಟು ಒಳಗಿನವರೆಗೂ ಕರಗಿಸಬೇಕು. ಮೈಕ್ರೋವೇವ್ ಒಲೆಗೆ ಹಾಕಬಾರದು. ಒಂದು ಕಡೆ ಬೆಂದು ಇನ್ನೊಂದು ಕಡೆ ಮಂಜಾಗಿಯೇ ಉಳಿಯುತ್ತದೆ, ಕೆಲವು ಸಲ ಸಿಡಿದುಹೋಗುತ್ತದೆ.

ಕರಗಿದ ಇಲಿಮರಿ ಬೆಚ್ಚಗಿರಬೇಕು, ನಮ್ಮ ಮೈಶಾಖದಷ್ಟು. ಇದರ ಹಿಂದೊಂದು ಸೊಗಸಾದ ವಿಜ್ಞಾನವಿದೆ. ಹೆಬ್ಬಾವಿನ ತುಟಿಯ ಅಂಚಿನಲ್ಲಿ ಸಾಲಾಗಿ ಸಣ್ಣ ಗುಳಿಗಳಿವೆ. ಅವು ಅವಕೆಂಪು ಕಿರಣಗಳನ್ನು, ಎಂದರೆ ಶಾಖವನ್ನು, ಗುರುತಿಸುತ್ತವೆ. ಕತ್ತಲೆಯಲ್ಲಿ ಬೆಚ್ಚಗಿನ ಪ್ರಾಣಿ ಅದಕ್ಕೆ ಶಾಖದ ಆಕೃತಿಯಾಗಿ ತೋರುತ್ತದೆ. ತಣ್ಣನೆಯ ಇಲಿ ಆ ಕಣ್ಣಿಗೆ ಕಲ್ಲಿಗೆ ಸಮಾನ. ಹೊತ್ತು ಮುಳುಗಿದ ಮೇಲೆ, ಕೋಣೆಯ ದೀಪ ಕಡಿಮೆ ಮಾಡಿ, ಉದ್ದನೆಯ ಚಿಮಟದಲ್ಲಿ ಇಲಿಮರಿಯನ್ನು ಹಿಡಿದು ಅಡಗುತಾಣದ ಬಾಯಿಯ ಬಳಿ ಮೆಲ್ಲಗೆ ಅಲುಗಿಸಬೇಕು. ನಾಲಗೆ ಎರಡು ಸಲ ಹೊರಬರುತ್ತದೆ. ಮರಿ ಸ್ತಬ್ಧವಾಗುತ್ತದೆ. ಆಮೇಲೆ ನಮ್ಮ ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಎರಗಿ, ಹಿಡಿದು, ಎರಡು ಮೂರು ಸುತ್ತು ಸುತ್ತಿಬಿಡುತ್ತದೆ. ಇಲಿ ಸತ್ತಿದೆಯೆಂದು ಅದಕ್ಕೆ ಗೊತ್ತಿಲ್ಲ. ಯಾರೂ ಕಲಿಸದ ವಿದ್ಯೆ. ಉಸಿರುಗಟ್ಟಿಸಿ ಕೊಲ್ಲುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 2015 ರಲ್ಲಿ ಪ್ರಕಟವಾದ, ಬೋವಾ ಹಾವುಗಳ ಮೇಲೆ ನಡೆದ ಅಧ್ಯಯನವೊಂದು ಬಿಗಿತದಿಂದ ಕೆಲವೇ ಸೆಕೆಂಡುಗಳಲ್ಲಿ ರಕ್ತದ ಹರಿವೇ ನಿಲ್ಲುವುದನ್ನು ಅಳೆದು ತೋರಿಸಿತು.

ಇಲಿಯ ಗಾತ್ರ ಎಷ್ಟಿರಬೇಕು? ಹಾವಿನ ಮೈಯ ಅತಿ ದಪ್ಪನೆಯ ಭಾಗದಷ್ಟು, ಹೆಚ್ಚೆಂದರೆ ಅದಕ್ಕಿಂತ ಕೊಂಚ ದಪ್ಪ. ಹಾವು ದವಡೆಯನ್ನು ಕಳಚಿ ನುಂಗುತ್ತದೆ ಎಂಬುದು ಕಟ್ಟುಕತೆ. ಕೆಳದವಡೆಯ ಎರಡು ಭಾಗಗಳು ಮುಂದೆ ಎಲುಬಿನಿಂದ ಬೆಸೆದುಕೊಂಡಿಲ್ಲ, ಹಿಗ್ಗುವ ತಂತುವಿನಿಂದ ಸೇರಿವೆ, ಹಾಗಾಗಿ ಬಾಯಿ ಅಗಲವಾಗುತ್ತದೆ. ಅಗಲವಾಗುತ್ತದೆಂದು ದೊಡ್ಡ ಇಲಿ ಕೊಟ್ಟರೆ ಮರಿ ನುಂಗಿಯೂ ಬಿಟ್ಟೀತು, ಎರಡು ದಿನದ ನಂತರ ಕಕ್ಕಿಯೂ ಬಿಟ್ಟೀತು. ಕಕ್ಕಿದ ಮರಿಗೆ ಮತ್ತೆ ಹತ್ತು ಹದಿನಾಲ್ಕು ದಿನ ಏನೂ ಕೊಡದೆ, ಆಮೇಲೆ ಇನ್ನೂ ಚಿಕ್ಕ ಇಲಿ ಕೊಡಬೇಕು. ಸಾಮಾನ್ಯವಾಗಿ ವಾರಕ್ಕೊಂದು ಊಟ. ಊಟದ ನಂತರ ಕನಿಷ್ಠ ಎರಡು ದಿನ ಮರಿಯನ್ನು ಮುಟ್ಟುವಂತಿಲ್ಲ. ಆ ಹೊತ್ತು ಅದರೊಳಗೆ ನಡೆಯುತ್ತಿರುವುದು ಸಾಮಾನ್ಯ ಜೀರ್ಣಕ್ರಿಯೆಯಲ್ಲ. ಬರ್ಮಾ ಹೆಬ್ಬಾವಿನಲ್ಲಿ ಇದನ್ನು ವಿವರವಾಗಿ ಅಳೆದಿದ್ದಾರೆ: ಊಟದ ನಂತರ ಕರುಳು, ಪಿತ್ತಜನಕಾಂಗ, ಹೃದಯ ಕೂಡ ಕೆಲವೇ ದಿನಗಳಲ್ಲಿ ಗಾತ್ರದಲ್ಲಿ ಹಿಗ್ಗಿ, ಕೆಲಸ ಮುಗಿದ ಮೇಲೆ ಮತ್ತೆ ಕುಗ್ಗುತ್ತವೆ.

ಒಂದು ವೇಳೆ ಮರಿ ತಿನ್ನಲಿಲ್ಲ ಎನ್ನಿ. ಹೆಚ್ಚಿನ ಮರಿಗಳು ಸಾಯುವುದು ಹಸಿವಿನಿಂದಲ್ಲ, ಸಾಕುವವರ ಗಾಬರಿಯಿಂದ ಎಂದು ನನಗನ್ನಿಸುತ್ತದೆ. ಇಂದು ತಿನ್ನಲಿಲ್ಲ, ನಾಳೆ ಮತ್ತೆ ಕೊಡೋಣ. ನಾಳೆಯೂ ಇಲ್ಲ, ಎತ್ತಿ ನೋಡೋಣ, ತೂಗೋಣ, ಬೇರೆ ಡಬ್ಬಿಗೆ ಹಾಕೋಣ, ಬಾಯಿ ಬಿಡಿಸಿ ತುರುಕೋಣ. ಪ್ರತಿಯೊಂದು ಪ್ರಯತ್ನವೂ ಇನ್ನೊಂದು ಕುಕಬರ ಬಂದೆರಗಿದಂತೆ. ನಾವು ಮಾಡಬೇಕಾದದ್ದು ಇಷ್ಟೇ: ತಿನ್ನದ ಇಲಿಯನ್ನು ಮರುದಿನ ಬೆಳಿಗ್ಗೆ ತೆಗೆದು ಎಸೆಯುವುದು, ಉಷ್ಣಾಂಶ ಸರಿಯಿದೆಯೇ, ಅಡಗುತಾಣ ಸಾಕಷ್ಟು ಬಿಗಿಯಾಗಿದೆಯೇ ಎಂದು ನೋಡುವುದು, ಮತ್ತೆ ಒಂದು ವಾರ ಸುಮ್ಮನಿರುವುದು. ಸಾಕಣೆಗಾರರಲ್ಲಿ ಮೊದಲೇ ಊಟ ಹಿಡಿದ, ಆರೋಗ್ಯವಾದ ಮರಿ ಕೆಲವು ವಾರಗಳ ಉಪವಾಸವನ್ನು ತಡೆದುಕೊಳ್ಳುತ್ತದೆ. ವಾರ ವಾರಕ್ಕೂ ತೂಕ ಇಳಿಯುತ್ತಲೇ ಇದ್ದರೆ, ಬೆನ್ನಿನ ಎಲುಬು ಏಣಿನಂತೆ ಎದ್ದು ಕಂಡರೆ ಆಗ ಮಾತ್ರ ಉರಗಗಳನ್ನು ಬಲ್ಲ ಪಶುವೈದ್ಯರ ಬಳಿಗೆ ಹೋಗಬೇಕು. ಇದನ್ನು ತಿಳಿಯಲು ಲೆಕ್ಕ ಪುಸ್ತಕ ಬೇಕು: ದಿನಾಂಕ, ತೂಕ ಗ್ರಾಂಗಳಲ್ಲಿ, ತಿಂದದ್ದು ಅಥವಾ ತಿನ್ನದ್ದು, ಮಲ, ಪೊರೆ. ಪ್ರಯೋಗಶಾಲೆಯ ದಾಖಲೆ ಪುಸ್ತಕ ಬರೆಯಲು ಬೇಸರಪಡುವ ನೀವು ಹಾವು ಸಾಕಿದರೆ ಸುಧಾರಿಸಿಯೇ ಬಿಡುತ್ತೀರಿ!

ಎರಡು ಮೂರು ಊಟಗಳು ಸರಾಗವಾಗಿ ನಡೆದ ಮೇಲೆ ಕೈಯಲ್ಲಿ ಹಿಡಿಯುವ ಅಭ್ಯಾಸ. ಮೇಲಿನಿಂದ ಕೈ ಹಾಕದೆ ಪಕ್ಕದಿಂದ, ಮೈಯ ನಡುಭಾಗದ ಕೆಳಗೆ ಬೆರಳು ತೂರಿಸಿ, ಎತ್ತಬೇಕು. ತಲೆ ಹಿಡಿಯಬಾರದು. ಬಿಗಿಹಿಡಿಯಬಾರದು, ಬೆರಳಿಂದ ಬೆರಳಿಗೆ ಅದು ಹರಿಯಲಿ, ಮರದ ಕೊಂಬೆ ಹೇಗೋ ಹಾಗೆ ನಮ್ಮ ಕೈ ಇರಬೇಕು. ಮೊದಲ ದಿನ ಐದು ನಿಮಿಷ ಸಾಕು. ಮರಿ ಕಚ್ಚೀತು. ಸೂಜಿಯಂಥ ಪುಟ್ಟ ಹಲ್ಲುಗಳು, ಎರಡು ಹನಿ ರಕ್ತ, ಸೋಪಿನಲ್ಲಿ ತೊಳೆದರಾಯಿತು. ಕಚ್ಚಿದ ಕೂಡಲೇ ಕೈಯನ್ನು ಜಾಡಿಸಿ ಎಳೆದರೆ ಹಾವಿನ ಹಲ್ಲು ಮುರಿಯುತ್ತದೆ, ನಿಮ್ಮ ಗಾಯವೂ ದೊಡ್ಡದಾಗುತ್ತದೆ. ಹಿಡಿದಾದ ಮೇಲೆ ಕೈ ತೊಳೆಯುವುದು ಯಾವ ಕಾಲಕ್ಕೂ ತಪ್ಪಬಾರದು, ಉರಗಗಳ ಮೈಮೇಲೆ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಇರಬಹುದು. ಇಲಿ ಮುಟ್ಟಿದ ವಾಸನೆಯ ಕೈಯಿಂದ ಹಾವನ್ನು ಎತ್ತುವುದು ಎಷ್ಟು ಜಾಣತನವೆಂದು ನೀವೇ ಊಹಿಸಿ.

ತಿಂಗಳುಗಳು ಕಳೆದಂತೆ ಮರಿ ಕಚ್ಚುವುದನ್ನು ಬಿಡುತ್ತದೆ. ಅದಕ್ಕೆ ನಮ್ಮ ಮೇಲೆ ಪ್ರೀತಿ ಹುಟ್ಟಿತೇ? ಹಾವಿನ ಪ್ರೀತಿಯ ಕತೆಗಳನ್ನು ಹೇಳುವವರು ಬಹಳ ಮಂದಿ ಇದ್ದಾರೆ. ನನಗೆ ನಂಬಿಕೆಯಿಲ್ಲ. ಈ ದೊಡ್ಡ ಬೆಚ್ಚಗಿನ ವಸ್ತು ನನ್ನನ್ನು ತಿನ್ನುವುದಿಲ್ಲ ಎಂದು ಅದು ಕಲಿತಿದೆ, ಅಷ್ಟೇ. ಅಷ್ಟು ಕಲಿಯುವುದು ಅಂಥ ಜೀವಕ್ಕೆ ಸಣ್ಣ ವಿಷಯವಲ್ಲ. ಬಾಲ ಆಡಿಸುವ, ಹೆಸರು ಕರೆದರೆ ಓಡಿಬರುವ ಪ್ರಾಣಿ ಬೇಕಾದವರು ನಾಯಿ ಸಾಕುವುದು ಒಳ್ಳೆಯದು.

ನಾಲ್ಕಾರು ವಾರಗಳಿಗೊಮ್ಮೆ ಮರಿ ಪೊರೆ ಬಿಡುತ್ತದೆ. ಮೊದಲು ಬಣ್ಣ ಮಾಸುತ್ತದೆ, ಕಣ್ಣುಗಳು ಹಾಲು ಬೆರೆಸಿದ ನೀಲಿಯಾಗುತ್ತವೆ. ಆಗ ಅದಕ್ಕೆ ದೃಷ್ಟಿ ಮಂದ, ಸಿಡುಕು ಹೆಚ್ಚು, ಊಟವೂ ಬೇಡ. ಮುಟ್ಟದಿರಿ. ಕೆಲ ದಿನಗಳಲ್ಲಿ ಕಣ್ಣು ತಿಳಿಯಾಗಿ, ಆಮೇಲೆ ಒಂದು ರಾತ್ರಿ ಕಾಲುಚೀಲ ತಿರುವಿದಂತೆ ಪೊರೆ ಮೂತಿಯಿಂದ ಬಾಲದವರೆಗೆ ಒಂದೇ ತುಂಡಾಗಿ ಕಳಚುತ್ತದೆ. ತುಂಡು ತುಂಡಾಗಿ ಬಂದರೆ ಗಾಳಿಯಲ್ಲಿ ತೇವ ಸಾಲದೆಂದು ಅರ್ಥ. ಒದ್ದೆ ಪಾಚಿ ತುಂಬಿದ ಪುಟ್ಟ ಡಬ್ಬಿಯೊಂದನ್ನು ಒಳಗಿಟ್ಟರೆ ಸರಿಹೋಗುತ್ತದೆ. ಕಳಚಿದ ಪೊರೆಯಲ್ಲಿ ಕಣ್ಣಿನ ಎರಡು ಪೊರೆಬಿಲ್ಲೆಗಳೂ ಬಂದಿವೆಯೇ ನೋಡಬೇಕು. ಹಾವಿಗೆ ರೆಪ್ಪೆಯಿಲ್ಲ, ಆ ಬಿಲ್ಲೆಗಳೇ ಕಣ್ಣಿನ ಕಾವಲು.

ಕಾಯಿಲೆಗಳ ವಿಚಾರ ಚುಟುಕಾಗಿ ಹೇಳುತ್ತೇನೆ. ಬಾಯಿ ತೆರೆದು ಉಸಿರಾಡುವುದು, ಗೊರಗೊರ ಸದ್ದು, ಬಾಯಲ್ಲಿ ನೊರೆ ಕಂಡರೆ ಶ್ವಾಸಕೋಶದ ಸೋಂಕು. ಕಣ್ಣಿನ ಸುತ್ತ, ನೀರಿನ ಬಟ್ಟಲಿನಲ್ಲಿ ಕರಿ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಓಡಾಡಿದರೆ ಅವು ರಕ್ತ ಹೀರುವ ನುಸಿಗಳು. ಎರಡಕ್ಕೂ ವೈದ್ಯರೇ ಬೇಕು, ಮನೆಮದ್ದು ಬೇಡ. ಬೇರೆ ಹಾವುಗಳಿರುವ ಮನೆಯಾದರೆ ಹೊಸ ಮರಿಯನ್ನು ಹಲವು ತಿಂಗಳು ಬೇರೆ ಕೋಣೆಯಲ್ಲೇ ಇಡಬೇಕು.

ಈಗ ಆ ಹುಡುಗಿಯ ಮುಂದಿರುವ ದೊಡ್ಡ ಪ್ರಶ್ನೆ. ಅವಳಿಗೆ ಈಗ ಹದಿನೆಂಟೋ ಹತ್ತೊಂಬತ್ತೋ. ಪೆನ್ಸಿಲಿನಂತಿದ್ದ ಮರಿ ಮೂರು ನಾಲ್ಕು ವರ್ಷಗಳಲ್ಲಿ ಅವಳ ಎತ್ತರವನ್ನು ಮೀರುತ್ತದೆ, ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಕೇಳುತ್ತದೆ. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆ. ಅವಳ ಪದವಿ, ಕೆಲಸ, ಬಾಡಿಗೆ ಮನೆ, ಮದುವೆ, ಮಕ್ಕಳು, ಇಷ್ಟೆಲ್ಲದರ ನಡುವೆಯೂ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಇಲಿ ಕರಗಿಸಬೇಕು. ಬೇರೆ ರಾಜ್ಯಕ್ಕೆ ಹೋದರೆ ಮತ್ತೆ ಅನುಮತಿ ಕೇಳಬೇಕು. ಬೇಸರವಾಯಿತೆಂದು ಪೊದೆಯಲ್ಲಿ ಬಿಟ್ಟು ಬರುವಂತಿಲ್ಲ. ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫ್ಲಾರಿಡ ರಾಜ್ಯವೇ ಸಾಕ್ಷಿ. ಏಷ್ಯದಿಂದ ಸಾಕಲೆಂದು ತಂದ ಬರ್ಮಾ ಹೆಬ್ಬಾವುಗಳು ತಪ್ಪಿಸಿಕೊಂಡೋ, ಸಾಕಲಾರದವರು ಬಿಟ್ಟೋ ಎವರ್‌ಗ್ಲೇಡ್ಸ್ ಜೌಗುಕಾಡು ಸೇರಿದವು. 2000 ದ ಹೊತ್ತಿಗೆ ಅವು ಅಲ್ಲಿಯೇ ಮರಿಮಾಡಿ ನೆಲೆಯೂರಿವೆಯೆಂದು ಖಚಿತವಾಯಿತು. ಅಲ್ಲಿನ ಮೊಲ, ರಕೂನ್‌ಗಳಂಥ ಪ್ರಾಣಿಗಳು ಈಗ ಎಷ್ಟೋ ಕಡೆ ಕಾಣಸಿಗುವುದೇ ಅಪರೂಪ. 2012 ರಲ್ಲಿ ಅಮೆರಿಕ ಸರ್ಕಾರ ಆ ಹಾವಿನ ಆಮದನ್ನು ನಿಷೇಧಿಸಿತು. ಅಷ್ಟರಲ್ಲಿ ಹೊತ್ತು ಮೀರಿತ್ತು.

ನಿಮಗೊಂದು ಎಚ್ಚರಿಕೆ ಹೇಳಲೇಬೇಕು. ಮಳೆಗಾಲದಲ್ಲಿ ನಿಮ್ಮ ಊರಿನ ಸೌದೆ ರಾಶಿಯಲ್ಲೋ ಕೋಳಿಗೂಡಿನಲ್ಲೋ ಮಚ್ಚೆಗಳಿರುವ ಪುಟ್ಟ ಹಾವು ಕಂಡು, ಹೆಬ್ಬಾವಿನ ಮರಿ ಇರಬೇಕು, ಎತ್ತಿ ನೋಡೋಣ ಎಂದು ಮುಂದಾಗಬೇಡಿ. ಕೊಳಕುಮಂಡಲದ ಮೈಮೇಲೂ ಕಂದು ಮಚ್ಚೆಗಳಿವೆ. ಹೆಬ್ಬಾವಿನ ಮರಿಯೆಂದುಕೊಂಡು ಅದನ್ನು ಕೈಗೆತ್ತಿಕೊಂಡವರಿದ್ದಾರೆ. ಅದರ ಕಡಿತ ಪ್ರಾಣಾಂತಿಕ, ಮರಿಯೆಂದು ವಿನಾಯಿತಿ ಇಲ್ಲ. ದೂರ ನಿಂತು, ಮನೆಯ ಹಿರಿಯರಿಗೆ ಹೇಳಿ, ಅರಣ್ಯ ಇಲಾಖೆಗೆ ತಿಳಿಸಿ.

ಹಾವನ್ನು ಹತ್ತಿರದಿಂದ ನೋಡುವ ಆಸೆ ನಿಮಗೆ ನಿಜವಾಗಿಯೂ ಇದ್ದರೆ ಮೈಸೂರಿನ ಮೃಗಾಲಯದಲ್ಲೋ ಬನ್ನೇರುಘಟ್ಟದಲ್ಲೋ ಹೆಬ್ಬಾವಿನ ಮನೆಯ ಮುಂದೆ ಹತ್ತು ನಿಮಿಷ ನಿಲ್ಲಿ. ಗಾಜು ತಟ್ಟಬೇಡಿ, ಅದರ ದವಡೆಗೆ ಆ ಸದ್ದು ಕೇಳಿಸುತ್ತದೆ. ಅದು ಬಿಸಿಲು ಬೀಳುವ ಕಡೆ ಮಲಗಿದೆಯೋ, ನೆರಳಿನ ಕಡೆಯೋ ನೋಡಿ. ಹೊಟ್ಟೆಯ ನಡುವೆ ಉಬ್ಬಿದೆಯೇ? ಕಣ್ಣು ಸ್ವಚ್ಛವಾಗಿದೆಯೋ, ನೀಲಿಯಾಗಿದೆಯೋ? ನಾಲಗೆ ನಿಮಿಷಕ್ಕೆ ಎಷ್ಟು ಸಲ ಹೊರಬರುತ್ತದೆ? ಪಕ್ಕದವರು ಏನೂ ಆಗುತ್ತಿಲ್ಲವೆಂದು ಮುಂದೆ ಹೋಗುತ್ತಾರೆ, ಹೋಗಲಿ. ಒಂದು ಪುಸ್ತಕ, ಒಂದು ಪೆನ್ಸಿಲು ಜೊತೆಗಿಟ್ಟುಕೊಂಡಿರಿ.